ತೋಂಟದಾರ್ಯ: ಒಂದು ಹೆಸರಿನ ವಿಚಾರ

ನಮ್ಮ ಜನ ಮಕ್ಕಳಿಗಿಡುವ ಹೆಸರುಗಳಲ್ಲಿ ಬಹುಭಾಗ ಕೇಳಿದೊಡನೆಯೇ ತಿಳಿಯುವಂಥವು. ರಾಮಚಂದ್ರ, ಸರಸ್ವತಿ, ಬಸವರಾಜ, ಲಕ್ಷ್ಮಮ್ಮ ಎಂದರೆ ಯಾರ ಸ್ಮರಣೆಗಾಗಿ ಇಟ್ಟ ಹೆಸರೆಂಬುದನ್ನು ಯಾರೂ ವಿವರಿಸಬೇಕಾದುದಿಲ್ಲ. ಆದರೆ ಕೆಲವು ಹೆಸರುಗಳುಂಟು. ತಾವು ಬೆಳೆದ ಸೀಮೆಯಲ್ಲಿ ಅವು ಮನೆಮಾತು, ಆ ಸೀಮೆಯ ಗಡಿ ದಾಟಿದರೆ ಒಗಟು. ಅಂಥ ಒಂದು ಹೆಸರನ್ನು ಈ ಹೊತ್ತು ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಆ ಹೆಸರು ತೋಂಟದಾರ್ಯ.

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ ಶಿರೋಳವೆಂಬ ಊರಿದೆ. ಶಿರೋಳವೆಂಬ ಹೆಸರಿನ ಊರುಗಳು ಬೇರೆ ಕಡೆಯೂ ಇವೆ. ನಾನು ಹೇಳುವುದು ಎರೆಭೂಮಿಯ ನಡುವಿನ ಈ ಊರನ್ನು. ಇಲ್ಲಿ ತೋಂಟದಾರ್ಯ ಮಠವೊಂದುಂಟು. ಅದರ ಜಾತ್ರೆಗೆ ಸುತ್ತಮುತ್ತಲವರು ರೊಟ್ಟಿಜಾತ್ರೆಯೆಂದೇ ಹೇಳುತ್ತಾರೆ. ಮನೆಮನೆಗಳಿಂದ ರೊಟ್ಟಿ ಬರುತ್ತದೆ. ಎಲ್ಲ ಜಾತಿಯವರೂ ಕೂಡಿ ಕುಳಿತು ಉಣ್ಣುತ್ತಾರೆ. ಈ ಊರಿನಲ್ಲಿ, ಇದರ ಆಸುಪಾಸಿನಲ್ಲಿ, ಗದಗು ಡಂಬಳಗಳ ಕಡೆಯಲ್ಲಿ ತೋಂಟದಾರ್ಯ, ತೋಂಟಪ್ಪ, ತೋಂಟಯ್ಯ, ತೋಂಟೇಶ ಎಂಬ ಹೆಸರಿನವರು ಸಿಕ್ಕುತ್ತಾರೆ. ಅಲ್ಲಿ ಯಾರೂ ಈ ಹೆಸರನ್ನು ಕೇಳಿ ಹುಬ್ಬೇರಿಸುವುದಿಲ್ಲ. ಅದೇ ಹುಡುಗ ಓದುವುದಕ್ಕೋ ನೌಕರಿಗೋ ದೂರದ ಪಟ್ಟಣಕ್ಕೆ ಬಂದನೆನ್ನಿ, ಅವನ ತೊಂದರೆ ಅಲ್ಲಿಂದ ಮೊದಲಾಗುತ್ತದೆ. ಒಬ್ಬರು ಅದನ್ನು ತೋಂಟ ಎಂಬುದೊಂದು, ದಾರ್ಯ ಎಂಬುದೊಂದು ಎಂದು ಎರಡಾಗಿ ಕಡಿದು, ದಾರ್ಯವೆಂದರೇನೆಂದು ಕೇಳುತ್ತಾರೆ. ಇನ್ನೊಬ್ಬರು ತುಂಟ ಎಂಬ ಮಾತಿನ ನೆಂಟಸ್ತಿಕೆ ಕಟ್ಟಿ ನಗುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗಲಂತೂ ತಕಾರ ಯಾವುದು, ಟಕಾರ ಯಾವುದು, ಎಲ್ಲಿ ದೀರ್ಘ, ಎಲ್ಲಿ ಹ್ರಸ್ವ ಎಂಬುದು ತಿಳಿಯದೆ ಕಚೇರಿಯಲ್ಲಿ ಕೂಗುವವನು ಟೊಂಟಾಡಾರ್ಯ ಎಂದು ಕೂಗುತ್ತಾನೆ.

ಕಡಿಯಬೇಕಾದ ಜಾಗ ಬೇರೆ. ತೋಂಟದ ಎಂಬುದು ಒಂದು ಮಾತು, ಆರ್ಯ ಎಂಬುದು ಇನ್ನೊಂದು. ತೋಂಟವೆಂದರೆ ತೋಟ. ತೋಟದ ಗುರು, ತೋಟದಲ್ಲಿದ್ದ ಪೂಜ್ಯರು ಎಂದು ಅರ್ಥ. ಅರ್ಥ ಇಷ್ಟು ಸರಳವಾದರೂ ಈ ಹೆಸರಿನಲ್ಲಿ ಅಡಗಿರುವ ಚರಿತ್ರೆ ಸರಳವಾದುದಲ್ಲ. ಮೊದಲು ಶಬ್ದವನ್ನು ನೋಡೋಣ, ಆಮೇಲೆ ಆ ತೋಟ ಯಾರದು, ಆ ಆರ್ಯರು ಯಾರು ಎಂಬುದನ್ನು.

ಇಂದು ನಾವು ತೋಟ ಎನ್ನುವುದನ್ನು ಹಳೆಯ ಕನ್ನಡಿಗರು ತೋಂಟ ಎನ್ನುತ್ತಿದ್ದರು. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದೇವರ ಪೂಜೆಗೆ ಹೂ ಒದಗಲೆಂದು ಬಿಟ್ಟ ಪೂದೋಂಟಗಳ ಮಾತು ಬರುತ್ತದೆ. ಪೂ ಎಂಬುದರ ಮುಂದೆ ತೋಂಟ ಬಂದು ತಕಾರ ದಕಾರವಾಗಿ ಪೂದೋಂಟವಾಯಿತು. ಅದೇ ನಮ್ಮ ಹೂದೋಟ. ನಡುವಿನ ಸೊನ್ನೆ ಎಲ್ಲಿ ಹೋಯಿತು? ಕನ್ನಡದಲ್ಲಿ ಉದ್ದಸ್ವರದ ಬೆನ್ನಿಗೆ ಬರುತ್ತಿದ್ದ ಸೊನ್ನೆ ಕಾಲಕ್ರಮದಲ್ಲಿ ಎಷ್ಟೋ ಮಾತುಗಳಲ್ಲಿ ಸವೆದುಹೋಯಿತು. ಪಂಪನ ಕಾಲದವರು ದಾಂಟು ಎಂದುದನ್ನು ನಾವು ದಾಟು ಎನ್ನುತ್ತೇವೆ. ಅವರ ನೂಂಕು ನಮ್ಮ ನೂಕು, ಅವರ ಬೇಂಟೆ ನಮ್ಮ ಬೇಟೆ, ಅವರ ತೂಂಗು ನಮ್ಮ ತೂಗು. ಹ್ರಸ್ವದ ಮೇಲಿನ ಸೊನ್ನೆಗೆ ಈ ಗತಿ ಬರಲಿಲ್ಲ. ಗಂಟು, ನಂಟು, ಸೊಂಟಗಳು ಹಾಗೆಯೇ ಉಳಿದಿವೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಲ್ಲಿ ತೋಟ, ತೋಂಟ ಎರಡು ರೂಪಗಳನ್ನೂ ಕಾಣಬಹುದು. ತಮಿಳು ಮಲಯಾಳಗಳ ತೋಟ್ಟಂ, ತೆಲುಗಿನ ತೋಟ ಇವುಗಳೆಲ್ಲ ಇದರ ಒಡಹುಟ್ಟುಗಳು. ನೆಲವನ್ನು ತೋಡು ಎಂಬ ಕ್ರಿಯೆಗೂ ಈ ಮಾತಿಗೂ ಬೇರು ಒಂದೇ ಎಂದು ಹೇಳುವವರಿದ್ದಾರೆ. ತೋಡಿ, ನೀರು ಹಾಯಿಸಿ, ಕೈಯಾರೆ ಮಾಡಿದ ನೆಲವೇ ತೋಟವಾದುದರಿಂದ ಆ ಮಾತು ಅರ್ಥಕ್ಕೆ ದೂರವಾದುದಲ್ಲ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇಂಥ ಹಳೆಯ ಸೊನ್ನೆ ಕೆಲವೆಡೆ ಉಳಿದಿದೆ. ನಾವು ಹಾಗೆ, ಹೇಗೆ ಎನ್ನುವಲ್ಲಿ ಅವರು ಹಾಂಗ, ಹ್ಯಾಂಗ ಎನ್ನುತ್ತಾರೆ. ಆದರೆ ತೋಟವೆಂಬ ಮಾತಿನಲ್ಲಿ ಅಲ್ಲಿಯೂ ಅದು ಉಳಿಯಲಿಲ್ಲ. ಆ ಕಡೆಯ ರೈತ ತೋಟಕ್ಕೆ ತ್ವಾಟ ಎನ್ನುತ್ತಾನೆ. ಸ್ವಾರಸ್ಯವಿರುವುದು ಇಲ್ಲಿಯೇ. ತನ್ನ ತ್ವಾಟಕ್ಕೆ ನೀರು ಹಾಯಿಸಲು ಮಗನನ್ನು ಕರೆಯುವಾಗ ಅದೇ ರೈತ ತೋಂಟಪ್ಪಾ ಎಂದು ಕೂಗುತ್ತಾನೆ. ಕೆಲಸದ ಮಾತು ಬಾಯಿಂದ ಬಾಯಿಗೆ ಉರುಳಿ ರೂಪ ಬದಲಾಯಿಸಿತು. ಹೆಸರಿನ ಮಾತನ್ನು ಭಕ್ತಿ ಬದಲಾಗಗೊಡಲಿಲ್ಲ. ಉಪ್ಪಿನಲ್ಲಿಟ್ಟ ಮಾವಿನ ಮಿಡಿಯಂತೆ ಅದು ಹಳೆಯ ಆಕಾರದಲ್ಲಿಯೇ ಉಳಿದುಬಂದಿದೆ. ಶಾಸನ ಓದಲಾರದವನೂ ಶಾಸನದ ಒಂದು ಮಾತನ್ನು ಪ್ರತಿದಿನ ಮನೆಯೊಳಗೆ ಉಚ್ಚರಿಸುತ್ತಿದ್ದಾನೆ.

ಇನ್ನು ಆರ್ಯ ಎಂಬ ಮಾತು. ಇದು ಸಂಸ್ಕೃತದ್ದು, ಮಾನ್ಯ, ಪೂಜ್ಯ, ಗುರು ಎಂಬ ಅರ್ಥದಲ್ಲಿ ನಮ್ಮ ಮಠಗಳ ಬಳಕೆಯಲ್ಲಿ ಬಂದಿದೆ. ಬಸವಾರ್ಯ, ಚೆನ್ನಬಸವಾರ್ಯ ಎಂಬ ರೂಪಗಳು ನಮಗೆ ಪರಿಚಿತವೇ. ಇಲ್ಲಿ ವ್ಯಾಕರಣದ ಆಸಕ್ತಿಯುಳ್ಳವರು ಒಂದು ಆಕ್ಷೇಪ ಎತ್ತಬಹುದು. ಕನ್ನಡದ ಮಾತಿಗೂ ಸಂಸ್ಕೃತದ ಮಾತಿಗೂ ಸಮಾಸ ಮಾಡಿದರೆ ಅದು ಅರಿಸಮಾಸ. ಕೇಶಿರಾಜ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾದರೆ ತೋಂಟದಾರ್ಯ ಅರಿಸಮಾಸವಾಗಲಿಲ್ಲವೆ? ಆಗಲಿಲ್ಲವೆಂದೇ ತೋರುತ್ತದೆ. ತೋಂಟ ಎಂಬುದರ ಮೇಲಿನ ಷಷ್ಠಿಯ ದಕಾರ ಲೋಪವಾಗದೆ ಎದ್ದು ಕಾಣುತ್ತಿದೆ. ತೋಂಟದ ಎಂಬ ಪೂರ್ಣಪದದ ಮುಂದೆ ಆರ್ಯ ಎಂಬ ಪೂರ್ಣಪದ ಬಂದು, ನಡುವಿನ ಅಕಾರ ಲೋಪಸಂಧಿಯಿಂದ ಹೋಗಿದೆ, ಅಷ್ಟೆ. ಊರಿನ ಜನ ಆಡಿದ ತೋಂಟದ ಎಂಬ ಕನ್ನಡಕ್ಕೆ ವಿದ್ವಾಂಸರು ಆರ್ಯ ಎಂಬ ಗೌರವವನ್ನು ಸೇರಿಸಿದ್ದಾರೆ. ಪ್ರಾಕೃತದಲ್ಲಿ ಆರ್ಯ ಎಂಬುದು ಅಜ್ಜ ಎಂದಾಗುತ್ತದೆ. ಗದಗಿನ ಕಡೆ ಮಠದ ಸ್ವಾಮಿಗಳನ್ನು ಜನ ಪ್ರೀತಿಯಿಂದ ಅಜ್ಜಾರು ಎಂದೇ ಕರೆಯುತ್ತಾರೆ. ಇವೆರಡೂ ಒಂದೇ ಮಾತೆಂದು ನಾನು ಸಾಧಿಸಹೊರಟಿಲ್ಲ. ಆದರೆ ಪಂಡಿತರ ಆರ್ಯ ಶಬ್ದವೂ ಹಳ್ಳಿಯವರ ಅಜ್ಜಾರು ಶಬ್ದವೂ ಒಬ್ಬನೇ ವ್ಯಕ್ತಿಯ ಮುಂದೆ ಕೈಮುಗಿದು ನಿಂತಿವೆ ಎಂಬುದು ನಿಜ.

ಆ ವ್ಯಕ್ತಿ ಯಾರು? ತೋಟ ಎಲ್ಲಿಯದು? ಇದಕ್ಕೆ ಉತ್ತರ ಶಿರೋಳದಲ್ಲಿಲ್ಲ. ತುಂಗಭದ್ರೆಯನ್ನು ದಾಟಿ, ದಕ್ಷಿಣಕ್ಕೆ ನೂರಾರು ಮೈಲಿ ಬಂದು, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಹುಡುಕಬೇಕು. ಅಲ್ಲಿ ನಾಗಿನೀ ನದಿಯ ದಂಡೆಯಲ್ಲಿ ಕಗ್ಗೆರೆ ಎಂಬ ಊರಿದೆ. ಹದಿನೈದು ಹದಿನಾರನೆಯ ಶತಮಾನಗಳ ಕಾಲದಲ್ಲಿ ಸಿದ್ಧಲಿಂಗರೆಂಬ ಶಿವಯೋಗಿಗಳು ಅಲ್ಲಿ ತಪಸ್ಸು ಮಾಡಿದರು. ಚಾಮರಾಜನಗರದ ಬಳಿಯ ಹರದನಹಳ್ಳಿ ಅವರ ಹುಟ್ಟೂರೆಂದೂ ಗೋಸಲ ಚೆನ್ನಬಸವೇಶ್ವರರು ಅವರ ಗುರುಗಳೆಂದೂ ಪರಂಪರೆ ಹೇಳುತ್ತದೆ. ಕಗ್ಗೆರೆಯಲ್ಲಿ ಅವರು ಕುಳಿತದ್ದು ಭಕ್ತನೊಬ್ಬನ ತೋಟದಲ್ಲಿ. ಅವರ ಸುತ್ತ ಹುತ್ತ ಬೆಳೆಯಿತೆಂದೂ, ಹಸುವೊಂದು ದಿನವೂ ಬಂದು ಆ ಹುತ್ತದ ಮೇಲೆ ಹಾಲು ಕರೆಯುತ್ತಿತ್ತೆಂದೂ, ಅದನ್ನು ಕಂಡು ಜನ ಹುತ್ತದೊಳಗಿದ್ದ ಯೋಗಿಗಳನ್ನು ಗುರುತಿಸಿದರೆಂದೂ ಪುರಾಣಗಳು ಬಣ್ಣಿಸುತ್ತವೆ. ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಅವರು ತೋಟದಲ್ಲಿದ್ದರು, ಜನ ಅವರನ್ನು ತೋಂಟದ ಸಿದ್ಧಲಿಂಗರೆಂದು ಕರೆದರು ಎಂಬಷ್ಟು ನಮ್ಮ ವಿಚಾರಕ್ಕೆ ಸಾಕು.

ಈ ಹೆಸರನ್ನು ಅವರು ತಾವಾಗಿ ಇಟ್ಟುಕೊಂಡುದಲ್ಲವೆಂಬುದನ್ನು ಗಮನಿಸಬೇಕು. ಅವರ ಗ್ರಂಥ ಷಟ್‌ಸ್ಥಲಜ್ಞಾನಸಾರಾಮೃತ. ಅದರಲ್ಲಿ 701 ವಚನಗಳಿವೆ. ಆ ವಚನಗಳ ಅಂಕಿತ ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು ಎಂಬುದು. ಅಂಕಿತದಲ್ಲಿ ತೋಟದ ಸುಳಿವಿಲ್ಲ. ತಂದೆತಾಯಿ ಇಟ್ಟ ಹೆಸರೂ ಅದಲ್ಲ, ಗುರು ಕೊಟ್ಟ ಹೆಸರೂ ಅದಲ್ಲ. ದಾರಿಯಲ್ಲಿ ಹೋಗುವವರು ಯಾವ ಸಿದ್ಧಲಿಂಗರು ಎಂದು ಕೇಳಿದಾಗ, ಆ ತೋಟದಲ್ಲಿದ್ದಾರಲ್ಲ ಅವರು ಎಂದು ಊರಿನವರು ತೋರಿಸಿದ ಮಾತೇ ಬಿರುದಾಗಿ ನಿಂತಿತೆಂದು ಊಹಿಸಬಹುದು. ಅರಮನೆಯಾಗಲಿ ವಿದ್ವತ್ಸಭೆಯಾಗಲಿ ಕೊಟ್ಟ ಎಷ್ಟೋ ಬಿರುದುಗಳನ್ನು ಇಂದು ನೆನೆಯುವವರಿಲ್ಲ. ತೋಟದ ಬೇಲಿಯ ಹೊರಗೆ ಹುಟ್ಟಿದ ಈ ಹೆಸರು ಐದು ನೂರು ವರ್ಷ ಬಾಳಿದೆ.

ಈ ಒಬ್ಬ ಮಹಾತ್ಮರಿಂದ ನಮ್ಮ ನಾಡಿನಲ್ಲಿ ಮೂರು ಬಗೆಯ ಹೆಸರುಗಳು ಹುಟ್ಟಿವೆ. ಅವರ ಸ್ವಂತ ನಾಮದಿಂದ ಹುಟ್ಟಿದವು ಸಿದ್ಧಲಿಂಗಯ್ಯ, ಸಿದ್ಧಲಿಂಗಪ್ಪ, ಸಿದ್ಧಲಿಂಗಮ್ಮ. ಅವರ ಸಮಾಧಿ ಕುಣಿಗಲ್ ತಾಲ್ಲೂಕಿನದೇ ಆದ ಎಡೆಯೂರಿನಲ್ಲಿದೆ. ಆ ಊರಿನ ಹೆಸರಿನಿಂದ ಹುಟ್ಟಿದ್ದು ಯಡಿಯೂರಪ್ಪ. ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಬಿ. ಎಸ್. ಯಡಿಯೂರಪ್ಪನವರ ಹೆಸರು ಆ ಕ್ಷೇತ್ರದ ಸ್ಮರಣೆಯಿಂದ ಬಂದದ್ದೆಂಬುದು ಹಲವರಿಗೆ ಗೊತ್ತು. ಮೂರನೆಯದು ತಪಸ್ಸಿನ ತೋಟದಿಂದ ಹುಟ್ಟಿದ ತೋಂಟದಾರ್ಯ. ವ್ಯಕ್ತಿ ಒಬ್ಬರೇ, ಅವರ ನಾಮ, ಅವರು ಕುಳಿತ ನೆಲ, ಅವರು ಮಲಗಿದ ನೆಲ, ಈ ಮೂರೂ ಬೇರೆ ಬೇರೆ ಮನೆಗಳ ತೊಟ್ಟಿಲುಗಳಲ್ಲಿ ಹೆಸರುಗಳಾಗಿವೆ.

ಈ ಮೂರನೆಯ ಹೆಸರು ಉತ್ತರಕ್ಕೆ ಹೋದುದು ಮಠಗಳ ಮೂಲಕ. ಸಿದ್ಧಲಿಂಗರಿಗೆ 701 ಮಂದಿ ವಿರಕ್ತರ ಪರಿವಾರವಿತ್ತೆಂದು ಪ್ರತೀತಿ. ಅವರ ಪರಂಪರೆಯವರು ನಾಡಿನ ಉದ್ದಗಲಕ್ಕೂ ಹರಡಿದರು. ವಚನಗಳನ್ನು ಕೂಡಿಸಿದರು, ಓಲೆಗಳಲ್ಲಿ ಬರೆಯಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆ ಆ ಪರಂಪರೆಯ ಫಲವೇ. ಡಂಬಳ ಗದಗುಗಳ ಸಂಸ್ಥಾನಮಠ ಅವರ ಹೆಸರನ್ನೇ ಹೊತ್ತಿತು. ಅಲ್ಲಿಯ ಪೀಠಾಧಿಪತಿಗಳ ನಾಮಕ್ಕೆ ಮೊದಲು ಇಂದಿಗೂ ತೋಂಟದ ಎಂಬ ಮಾತು ಸೇರುತ್ತದೆ. ಕನ್ನಡದ ಕೆಲಸಕ್ಕೂ ಗ್ರಂಥಪ್ರಕಟಣೆಗೂ ಹೆಸರಾಗಿದ್ದ ತೋಂಟದ ಸಿದ್ಧಲಿಂಗ ಸ್ವಾಮಿಗಳು 2018ರ ಅಕ್ಟೋಬರ್ 20ರಂದು ಲಿಂಗೈಕ್ಯರಾದರು. ಅವರ ಹೆಸರಿನಲ್ಲಿಯೂ ಕಗ್ಗೆರೆಯ ತೋಟವಿತ್ತು.

ಸಾಹಿತ್ಯದ ಚರಿತ್ರೆಯಲ್ಲಿ ಇನ್ನೊಬ್ಬ ತೋಂಟದಾರ್ಯರನ್ನು ಕಾಣುತ್ತೇವೆ. ಅವರು ಹದಿನಾರನೆಯ ಶತಮಾನದ ಕವಿ, ವಿರಕ್ತ ತೋಂಟದಾರ್ಯರು. ತೋಂಟದ ಸಿದ್ಧಲಿಂಗರ ಚರಿತ್ರೆಯನ್ನು ಸಿದ್ಧೇಶ್ವರಪುರಾಣವೆಂಬ ಕಾವ್ಯದಲ್ಲಿ ಬರೆದವರು ಇವರು. ಇವರು ಕರ್ಣಾಟಕಶಬ್ದಮಂಜರಿ ಎಂಬ ನಿಘಂಟನ್ನೂ ರಚಿಸಿದರು. ಜನರ ಬಾಯಲ್ಲಿ ಮಸುಕಾಗುತ್ತಿದ್ದ ಹಳೆಯ ಕನ್ನಡದ ಮಾತುಗಳಿಗೆ ಅರ್ಥ ಹೇಳುವ ಪುಸ್ತಕ ಅದು. ಹಳೆಯ ಮಾತೊಂದನ್ನು ತನ್ನ ಹೆಸರಿನಲ್ಲಿಯೇ ಹೊತ್ತವನು ಹಳೆಯ ಮಾತುಗಳ ಕಾವಲಿಗೆ ನಿಂತದ್ದು ಆಕಸ್ಮಿಕವಿರಬಹುದು. ಆದರೂ ಎಷ್ಟು ಸೊಗಸಾದ ಆಕಸ್ಮಿಕ!

ಗುರುವಿನ ಅಥವಾ ಕ್ಷೇತ್ರದ ಹೆಸರನ್ನು ಮಗುವಿಗಿಡುವ ರೂಢಿ ಎಲ್ಲ ಕಡೆಯೂ ಇದೆ. ಆದರೆ ಗದಗು, ಕೊಪ್ಪಳ, ರೋಣ, ಗಜೇಂದ್ರಗಡಗಳ ಕಡೆ ಅದು ಒಂದು ಶಾಸ್ತ್ರವೆಂಬಷ್ಟು ಬೆಳೆದಿದೆ. ಕಳಕಪ್ಪ, ಕಳಕವ್ವ ಎಂಬ ಹೆಸರು ಕೇಳಿದರೆ ಗಜೇಂದ್ರಗಡದ ಗುಡ್ಡದ ಕಾಲಕಾಲೇಶ್ವರನ ಒಕ್ಕಲೆಂದು ತಿಳಿಯಬಹುದು. ಗವಿಸಿದ್ಧಪ್ಪನೆಂದರೆ ಕೊಪ್ಪಳದ ಗವಿಮಠ, ಕೊಟ್ರಪ್ಪನೆಂದರೆ ಕೊಟ್ಟೂರು, ಹುಲಿಗೆಮ್ಮನೆಂದರೆ ತುಂಗಭದ್ರೆಯ ದಂಡೆಯ ಹುಲಿಗಿ. ಫಕೀರಪ್ಪನೆಂದರೆ ಶಿರಹಟ್ಟಿಯ ಫಕೀರೇಶ್ವರ. ಆ ಹೆಸರಿನಲ್ಲಿ ಹಿಂದೂ ಮುಸಲ್ಮಾನರಿಬ್ಬರ ಭಕ್ತಿಯೂ ಕೂಡಿದೆ. ಏಕೀಕರಣಕ್ಕಾಗಿ ದುಡಿದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರಿನ ಅಂದಾನಕ್ಕೂ ಅಂದಚಂದದ ಅಂದಕ್ಕೂ ಸಂಬಂಧವಿಲ್ಲ, ಅದು ಅನ್ನದಾನ. ರೋಣದ ಕಡೆಯ ಹಾಲಕೆರೆಯ ಅನ್ನದಾನೇಶ್ವರ ಮಠದ ಸ್ಮರಣೆ ಜನರ ಬಾಯಲ್ಲಿ ಸವೆದು ಅಂದಾನವಾಯಿತು. ಶಿರೋಳದಲ್ಲಿಯೇ ಯಚ್ಚರಸ್ವಾಮಿಗಳ ಗವಿಮಠವಿದೆ. ಆ ಕಡೆಯ ಯಚ್ಚರಪ್ಪ ಎಂಬ ಹೆಸರನ್ನು ಬಿಡಿಸಿದರೆ ನಮ್ಮ ಎಚ್ಚರವೆಂಬ ಮಾತೇ ಕಾಣಿಸುತ್ತದೆ. ಎಲ್ಲಮ್ಮ ಯಲ್ಲಮ್ಮನಾದಂತೆ, ಎಡೆಯೂರು ಯಡಿಯೂರಾದಂತೆ, ಎಚ್ಚರ ಯಚ್ಚರವಾಗಿದೆ. ಹತ್ತು ಹೆಸರುಗಳ ಒಂದು ಹಾಜರಿಪಟ್ಟಿಯನ್ನು ಬಲ್ಲವನು ಓದಿದರೆ ಆ ಸೀಮೆಯ ನಕ್ಷೆಯನ್ನೇ ಕಣ್ಣಮುಂದೆ ಬಿಡಿಸಿದಂತಾಗುತ್ತದೆ. ಗುಡ್ಡ ಎಲ್ಲಿ, ಗವಿ ಎಲ್ಲಿ, ಹೊಳೆ ಎಲ್ಲಿ, ಹಸಿದವನಿಗೆ ಅನ್ನ ಇಡುವ ಮನೆ ಎಲ್ಲಿ ಎಂಬುದೆಲ್ಲ ಮಕ್ಕಳ ಹೆಸರುಗಳಲ್ಲಿದೆ.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಪದ್ಧತಿಯಲ್ಲ. ಮಂಗಳೂರು ಗೋವೆಗಳ ಕ್ರೈಸ್ತರಲ್ಲಿ ಝೇವಿಯರ್ ಎಂಬ ಹೆಸರನ್ನು ಕೇಳಿರುತ್ತೀರಿ. ಅದು ಮೂಲತಃ ವ್ಯಕ್ತಿಯ ಹೆಸರೇ ಅಲ್ಲ. ಸ್ಪೇನಿನ ನವಾರ್ ಸೀಮೆಯಲ್ಲಿ ಒಂದು ಕೋಟೆಮನೆ. ಬಾಸ್ಕ್ ಭಾಷೆಯಲ್ಲಿ ಅದರ ಹೆಸರಿಗೆ ಹೊಸ ಮನೆ ಎಂದು ಅರ್ಥ. 1506ರಲ್ಲಿ ಅಲ್ಲಿ ಹುಟ್ಟಿದ ಫ್ರಾನ್ಸಿಸ್ ಎಂಬವರು ಭಾರತಕ್ಕೂ ಜಪಾನಿಗೂ ಬಂದು, 1552ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ಅವರನ್ನು ಗುರುತಿಸಲು ಬಳಸಿದ ಮನೆಯ ಹೆಸರು ಇಂದು ಲೋಕದ ಎಷ್ಟೋ ದೇಶಗಳಲ್ಲಿ ಮಕ್ಕಳ ಹೆಸರಾಗಿದೆ. ಹೊಸ ಮನೆ ಎಂಬ ಅರ್ಥವನ್ನು ಬಲ್ಲವರು ಅವರಲ್ಲಿ ವಿರಳ. ತೋಟವೊಂದು ಶಿರೋಳದ ಹುಡುಗನ ಹೆಸರಾದ ಬಗೆಯೂ ಇದೇ. ಇಂಥ ಹೆಸರುಗಳ ಅರ್ಥವನ್ನು ನಿಘಂಟು ಅರ್ಧ ಮಾತ್ರ ಹೇಳಬಲ್ಲುದು; ಉಳಿದರ್ಧವನ್ನು ಒಬ್ಬ ಮನುಷ್ಯನ ಬಾಳೇ ಹೇಳಬೇಕು.

ಶಿರೋಳದ ನೆಲವನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದು ಕಪ್ಪು ಎರೆಯ ಬಯಲು. ಜೋಳ, ಹತ್ತಿ, ಗೋಧಿ, ಕಡಲೆಗಳ ಹೊಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾಗಿ ಕಾಲುವೆಯ ನೀರು ಬರುವುದಕ್ಕೆ ಮುಂಚೆ ಆ ಕಡೆಯ ರೈತ ಮಳೆಯನ್ನೇ ನೆಚ್ಚಿ ಬದುಕಿದವನು. ತೆಂಗು ಅಡಕೆಗಳ ನೆರಳು ಅಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಅಪರೂಪ. ಅಂಥ ಬಯಲಿನಲ್ಲಿ ತಂದೆಯೊಬ್ಬ ತನ್ನ ಮಗನಿಗೆ ದೂರದ ನಾಗಿನೀ ತೀರದ ತೋಟದ ಹೆಸರನ್ನಿಟ್ಟ. ಅವನು ಅದನ್ನು ನೋಡಿರಲಿಕ್ಕಿಲ್ಲ. ಮಳೆಗಾಗಿ ಮುಗಿಲು ನೋಡುವ ನಾಡಿನಲ್ಲಿ ಮಗನನ್ನು ತೋಟವೆಂದು ಕರೆಯುವುದರಲ್ಲಿ ಗುರುಭಕ್ತಿಯ ಜೊತೆಗೆ ಒಂದು ಹಾರೈಕೆಯೂ ಇದ್ದೀತೆಂದು ನನಗೆ ತೋರುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಈ ಹೆಸರಿನ ವಿದ್ಯಾರ್ಥಿಯೊಬ್ಬ ನನ್ನ ಬಳಿಗೆ ಬಂದ. ಪರೀಕ್ಷೆಯ ಪತ್ರವೊಂದರಲ್ಲಿ ಅವನ ಹೆಸರು ಒಂದು ಬಗೆ, ಗುರುತಿನ ಚೀಟಿಯಲ್ಲಿ ಇನ್ನೊಂದು ಬಗೆ. ಒಂದರಲ್ಲಿ ಸೊನ್ನೆ ಇಲ್ಲ. ಮತ್ತೊಂದರಲ್ಲಿ ದಾರ್ಯ ಎಂಬುದು ಮನೆತನದ ಹೆಸರಾಗಿ ಬೇರೆಯೇ ನಿಂತಿದೆ. ಜೊತೆಯವರ ನಗೆಯೂ ಇದ್ದೇ ಇತ್ತು. “ಸರ್, ಪ್ರಮಾಣಪತ್ರ ಮಾಡಿಸಿ, ಪೇಪರಿನ್ಯಾಗ ಕೊಟ್ಟು ಹೆಸರು ಬದಲ್ ಮಾಡಿಸಿಬಿಡ್ತೀನ್ರಿ” ಎಂದ. ಬದಲಿಗೆ ಆರಿಸಿದ್ದು ಎರಡಕ್ಷರದ, ಚುರುಕಾದ, ಎಲ್ಲ ಊರಿಗೂ ಸಲ್ಲುವ, ಯಾವ ಊರಿನದೂ ಅಲ್ಲದ ಒಂದು ಹೆಸರು. ಅವನ ತೊಂದರೆ ನಿಜವಾದುದು; ಪ್ರತಿ ಕಿಟಕಿಯ ಮುಂದೆ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಬೇಕಾದವನಿಗೆ ಭಾಷೆಯ ಚರಿತ್ರೆಯನ್ನು ಬೋಧಿಸಿದರೆ ಹೊಟ್ಟೆ ತುಂಬುವುದಿಲ್ಲ. ಆದುದರಿಂದ ಬೇಡವೆಂದು ನಾನು ಹೇಳಲಿಲ್ಲ. “ಬಿಡುವುದಾದರೆ ಬಿಡು ತಮ್ಮಾ; ಏನನ್ನು ಬಿಡುತ್ತಿದ್ದೀಯೆಂಬುದನ್ನು ತಿಳಿದು ಬಿಡು” ಎಂದು, ಈಗ ನಿಮಗೆ ಹೇಳಿದ ಸಂಗತಿಗಳನ್ನು ಅವನಿಗೂ ಹೇಳಿದೆ. ಅವನಿಗೆ ತನ್ನ ಹೆಸರು ಮಠದ್ದೆಂಬುದು ಗೊತ್ತಿತ್ತು, ತೋಟದ್ದೆಂಬುದು ಗೊತ್ತಿರಲಿಲ್ಲ. ಆಮೇಲೆ ಅವನು ಮಾಡಿದ ನಿಶ್ಚಯ ಅವನಿಗೆ ಸೇರಿದ್ದು.

ನಮ್ಮ ಕೈಯಲ್ಲಿರುವುದು ಬೇರೆ ಕೆಲಸ. ಹೆಸರಿನ ಭಾರವನ್ನು ಹೊತ್ತವನ ಮೇಲೆಯೇ ಬಿಡದೆ, ಕರೆಯುವವರಾದ ನಾವು ಸ್ವಲ್ಪ ಹಂಚಿಕೊಳ್ಳಬಹುದು. ಹಾಜರಿ ಕೂಗುವ ಉಪಾಧ್ಯಾಯ, ಪಟ್ಟಿ ಬರೆಯುವ ಗುಮಾಸ್ತ, ಪಕ್ಕದ ಮೇಜಿನ ಸಹೋದ್ಯೋಗಿ ಇವರು ಒಮ್ಮೆ ಕೇಳಿ ತಿಳಿದುಕೊಂಡರೆ ಸಾಕು. ದೂರದ ದೇಶಗಳ ಲೇಖಕರ ಹೆಸರುಗಳನ್ನು ತಪ್ಪಿಲ್ಲದೆ ಉಚ್ಚರಿಸಲು ನಾವು ಎಷ್ಟು ಶ್ರಮ ಪಡುತ್ತೇವೆ! ಅದರ ಹತ್ತನೆಯ ಒಂದು ಪಾಲು ಶ್ರಮ ನರಗುಂದದ ಹುಡುಗನಿಗೆ ಸಲ್ಲಬಾರದೇಕೆ? ಕನ್ನಡದಲ್ಲಿ ಬರೆಯುವಾಗ ತೋ ಎಂಬುದರ ಮುಂದೆ ಸೊನ್ನೆಯನ್ನು ಬಿಡದೆ ಬರೆಯಬೇಕು. ಓದುವಾಗ ತೋಂಟದ ಎಂಬಲ್ಲಿ ನಿಲ್ಲಿಸಿ ಆರ್ಯ ಎನ್ನಬೇಕು. ಆ ಸೊನ್ನೆ ಹಳೆಯ ಕನ್ನಡದ ಒಂದು ಸಾಕ್ಷಿ. ಅದನ್ನು ಇಷ್ಟು ಕಾಲ ಕಾಪಾಡಿದವರಲ್ಲಿ ಬಹುಮಂದಿ ವ್ಯಾಕರಣವನ್ನು ಓದಿದವರಲ್ಲ. ಮಗುವಿನ ತೊಟ್ಟಿಲು ತೂಗುತ್ತ ಹೆಸರು ಕರೆದ ತಾಯಂದಿರು, ಅಜ್ಜಿಯರು. ಅವರು ಉಳಿಸಿ ಕೊಟ್ಟುದನ್ನು ಓದು ಬಲ್ಲವರಾದ ನಾವು ಅಸಡ್ಡೆಯಿಂದ ಅಳಿಸಬಾರದು.